ಕಿಟಕಿಯಿಂದ ಕಂಡ ಕೈ

2015 ಜನವರಿ 12, ಸೋಮವಾರ. ಪರ್ತ್

ಮಸಾಲೆ ಸಾಮಾನು ತಂದುಕೊಡುವವನು ಹೊಸ ವರ್ಷಕ್ಕೆ ಅಂತ ಹೋಟೆಲಿಗೆ ಒಂದು ಡೈರಿ ಕೊಟ್ಟ. ಓನರ್ ರಮಾಕಾಂತ್ ಸಾಹೇಬರು ಅದನ್ನು ನನ್ನ ಕೈಗೆ ಹಾಕಿ, "ಹಾಲಪ್ಪಾ, ನಿನ್ ಜೋಕ್ಸ್ ಎಲ್ಲಾ ಇದ್ರಲ್ಲಿ ಬರ್ದಿಡು, ಗಿರಾಕಿಗಳ ಕಿವಿ ಉಳಿಯುತ್ತೆ" ಅಂದರು. ಏಳನೇ ಕ್ಲಾಸಿನ ಪರೀಕ್ಷೆ ಆದ ಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಆಗ ಫೇಲ್ ಮಾಡಿದ ಮೇಷ್ಟ್ರು ಈಗಿಲ್ಲ. ಆದ್ದರಿಂದ ಧೈರ್ಯ.

ಇವತ್ತು ಹೋಟೆಲಿಗೆ ರಜೆ. ಬೆಳಿಗ್ಗೆ ಏಳಕ್ಕೇ ಪಕ್ಕದ ರೂಮಿನ ಕ್ಲೆಮೆಂಟ್ ರೇಡಿಯೋ ಹಾಕಿದ. ಕ್ಲೆಮೆಂಟ್ ಬಸ್ ಡ್ರೈವರ್, ಅರವತ್ತರ ಹತ್ತಿರ, ಬಹಾಮಾಸ್ ದೇಶದವನು. ಮನೆ ಹಂಚಿಕೊಂಡ ಮೊದಲ ದಿನ, ಅದು ಎಲ್ಲಿದೆ ಅಂತ ಕೇಳಿದ್ದಕ್ಕೆ ಅಡುಗೆಮನೆ ಕಟ್ಟೆಯ ಮೇಲೆ ನನ್ನ ಸಾಸಿವೆ ಚೆಲ್ಲಿ ತೋರಿಸಿದ್ದ. ಅಮೆರಿಕದ ಕಾಲ ಬುಡದಲ್ಲಿ ಚೆಲ್ಲಿದ ಸಾಸಿವೆ, ಅಷ್ಟೇ ದೇಶ. ಅಲ್ಲಿ ಈಗ ನಿನ್ನೆ ಸಂಜೆ. ಜನ ರೇಡಿಯೋಗೆ ಫೋನ್ ಮಾಡಿ ಬೈಯುವ ಕಾರ್ಯಕ್ರಮ ಬರುತ್ತದೆ. ಇವನು ಫೋನಿನಲ್ಲಿ ಅದನ್ನು ಹಿಡಿದು, ಕಾಫಿ ಕುಡಿಯುತ್ತಾ ಅವರ ಜೊತೆ ತಾನೂ ಬೈಯುತ್ತಾನೆ.

"ಏನಂತೆ ಇವತ್ತು?" ಅಂದೆ.

"ರೋಡಲ್ಲಿ ಗುಂಡಿ. ಲೈಸೆನ್ಸಿಗೆ ಕೈಬಿಸಿ. ಹಗಲು ಹೊತ್ತಲ್ಲೇ ಕಳ್ಳತನ. ಹುಡುಗರಿಗೆ ದೊಡ್ಡೋರು ಅನ್ನೋ ಗೌರವ ಇಲ್ಲ."

"ಅಯ್ಯೋ, ಇದು ನಮ್ ದಾವಣಗೆರೆ ಸ್ಟೇಷನ್ನು ಕಣಪ್ಪ! ನೀನು ತಪ್ಪು ತಿರುವಿದೀಯ!"

ಅವನ ಇಂಗ್ಲಿಷು ಹಾಡಿದ ಹಾಗೆ, ನನ್ನದು ಹಲ್ಲು ನೋವಿನ ಹಾಗೆ. ಆದರೂ ನಾವಿಬ್ಬರೂ ಒಬ್ಬರಿಗೊಬ್ಬರು ಅರ್ಥವಾಗುತ್ತೇವೆ. ಹಾಲಪ್ಪ ಅನ್ನಲು ಬಾರದೆ ನನ್ನನ್ನು 'ಹ್ಯಾಪಿ' ಅನ್ನುತ್ತಾನೆ.

ಮಧ್ಯಾಹ್ನ ರಮಾಕಾಂತ್ ಸಾಹೇಬರ ಫೋನು. ಅವರ ಅತ್ತೆ ಊರಿಂದ ಬರುತ್ತಿದ್ದಾರೆ, ಚಟ್ನಿಪುಡಿ, ಇಂಗು ತರುವುದು ಹೇಗೆ ಅಂತ. ಈ ವಿದ್ಯೆಯಲ್ಲಿ ನಾನು ಪ್ರೊಫೆಸರು. "ಇಂಗು ಕಾಲುಚೀಲದೊಳಗೆ, ಕಾಲುಚೀಲ ಶೂ ಒಳಗೆ. ಏನೇನು ತಂದಿದೀರಿ ಅಂತ ಕೇಳೋ ಏರ್‌ಪೋರ್ಟಿನ ಫಾರ್ಮಲ್ಲಿ ಎಲ್ಲಾದಕ್ಕೂ ನೋ ಅಂತ ಬರೀರಿ. ಆ ವಾಸನೆಗೆ ನಾಯಿ ಕೂಡಾ ಹತ್ರ ಬರಲ್ಲ" ಅಂದೆ. ತುಂಬ ನಕ್ಕರು.

2015 ಫೆಬ್ರವರಿ 9, ಸೋಮವಾರ

ನಗುವ ವಿಷಯ ಅಲ್ಲ, ಆದರೂ ಬರೆಯುತ್ತೇನೆ.

ನನ್ನ ಈಗಿನ ವೀಸಾ ಈ ವರ್ಷದ ಕೊನೆಗೆ ಮುಗಿಯುತ್ತದೆ. ಪರ್ಮನೆಂಟ್ ವೀಸಾ ಸಿಕ್ಕರೆ ಹೆಂಡತಿ ಸುಲೋಚನಾಳನ್ನೂ ಮಗಳು ಕವನಾಳನ್ನೂ ಕರೆಸಿಕೊಳ್ಳಬಹುದು. ಇಲ್ಲದಿದ್ದರೆ ನಾನೇ ವಾಪಸ್. ನಾಲ್ಕು ವರ್ಷವಾಯಿತು, ಮಗಳು ಫೋನಿನ ಚೌಕದಲ್ಲೇ ಬೆಳೆದು ನನಗಿಂತ ಎತ್ತರವಾದಳಂತೆ.

ಅರ್ಜಿ ಐವತ್ತು ತುಂಬುವುದರೊಳಗೆ ಹಾಕಬೇಕು. ನನಗೆ ಜೂನ್ ಒಂದಕ್ಕೆ ಐವತ್ತು. ನಿಜವಾಗಿ ನಾನು ಹುಟ್ಟಿದ್ದು ದೀಪಾವಳಿಯ ನೀರು ಕಾಯಿಸುವ ದಿನ ಅಂತ ಅವ್ವ ಹೇಳುತ್ತಿದ್ದಳು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದು ಅಂತ ಹೆಡ್ಮೇಷ್ಟ್ರು ಜೂನ್ ಒಂದು ಅಂತ ಬರೆದುಬಿಟ್ಟರು. ನಮ್ಮ ಶಾಲೆಯಲ್ಲಿ ಮುಕ್ಕಾಲು ಹುಡುಗರು ಜೂನ್ ಒಂದಕ್ಕೇ ಹುಟ್ಟಿದವರು. ನಮ್ಮೂರ ಸೂಲಗಿತ್ತಿ ಆ ಒಂದು ದಿನ ದುಡಿದು, ವರ್ಷಪೂರ್ತಿ ಮಲಗುತ್ತಿದ್ದಳೇನೋ.

ಇರಲಿ. ಬೇಕಾಗಿರುವುದು ಹಿಂದೆ ಅಡುಗೆ ಕೆಲಸ ಮಾಡಿದ್ದಕ್ಕೆ ಕಾಗದ. ಇಪ್ಪತ್ತೆರಡು ವರ್ಷ ದಾವಣಗೆರೆಯ ಒಂದೇ ಹೋಟೆಲಿನಲ್ಲಿ, ಸೌದೆ ಒಲೆಯ ಮುಂದೆ ಬೆಣ್ಣೆ ದೋಸೆ ಹುಯ್ದೆ. ರಮಾಕಾಂತ್ ಸಾಹೇಬರು ಯಾರದೋ ಮದುವೆಗೆ ಬಂದವರು ಅಲ್ಲೇ ತಿಂದು, ನನ್ನನ್ನು ಇಲ್ಲಿಗೆ ಎತ್ತಿಕೊಂಡು ಬಂದರು. ಆಮೇಲೆ ರಸ್ತೆ ಅಗಲ ಮಾಡುವಾಗ ಆ ಹೋಟೆಲು ಹೋಯಿತು. ಯಜಮಾನರೂ ಹೋದರು. ಸಂಬಳದ ಚೀಟಿ ಅನ್ನುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಬೆಂಗಳೂರಲ್ಲಿ ನನಗೊಬ್ಬ ಏಜೆಂಟ್ ಗೊತ್ತು, ಲೆಟರ್ ಮಾಡ್ಸಿಕೊಡ್ತಾನೆ" ಅಂದರು ಸಾಹೇಬರು.

"ಸುಳ್ಳಾಗಲ್ವಾ ಸಾರ್?"

"ಏನ್ ಸುಳ್ಳು? ನೀನು ಅಡುಗೆಯವ್ನು ತಾನೇ? ಎಲ್ರೂ ಮಾಡ್ಸೋದೇ."

ಅದೂ ಸರಿ ಅನ್ನಿಸಿತು.

2015 ಫೆಬ್ರವರಿ 17, ಮಂಗಳವಾರ

ಕಾಗದ ಕೊರಿಯರ್‌ನಲ್ಲಿ ಬಂತು. ಮದುವೆ ಪತ್ರಿಕೆಯಷ್ಟು ದಪ್ಪ, ಚಿನ್ನದ ಬಣ್ಣದ ಅಕ್ಷರ, ಮೇಲೆ ಸಿಂಹ. ಬೆಂಗಳೂರಿನ ಯಾವುದೋ ಸ್ಟಾರ್ ಹೋಟೆಲಿನಲ್ಲಿ ನಾನು ಎಂಟು ವರ್ಷ 'ಮುಖ್ಯ ತಂದೂರಿ ಶೆಫ್' ಆಗಿದ್ದೆನಂತೆ. ಕೋಳಿ, ಕುರಿ, ಕಬಾಬುಗಳಲ್ಲಿ ವಿಶೇಷ ಪರಿಣತನಂತೆ.

ಸುಲೋಚನಾಳಿಗೆ ಫೋನಿನಲ್ಲಿ ಓದಿ ಹೇಳಿದೆ.

"ಏನ್ರೀ, ಕೊಳ್ಳಾಗ ಲಿಂಗ ಕಟ್ಕಂಡು ಕೋಳಿ ಸುಟ್ರಾ?"

"ಕಾಗದದಾಗೆ ಮಾತ್ರ ಕಣೆ."

"ಮತ್ತೆ ನೀವು ದೋಸೆ ಹಾಕಿದ್ದು?"

"ಅದಕ್ಕೆ ಕಾಗದ ಇಲ್ಲ."

"ಚಲೋ ಆತು ಬಿಡ್ರಿ. ಮಾಡ್ದೇ ಇರೋದಕ್ಕೆ ಕಾಗದ ಐತಿ, ಮಾಡಿದ್ದಕ್ಕೆ ಇಲ್ಲ" ಅಂದು ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಅವಳು ನಿಜವಾಗಿ ನಕ್ಕಳೋ ಇಲ್ಲವೋ ಅನ್ನುವ ಅನುಮಾನ ಬಂತು.

ಕ್ಲೆಮೆಂಟ್ ಇವತ್ತು ಡ್ಯೂಟಿಗೆ ಹೋಗಲಿಲ್ಲ. ಅವನ ಊರಿನಲ್ಲಿ ತಮ್ಮನ ಅಂಗಡಿಯನ್ನು ಹಗಲು ಹನ್ನೊಂದು ಗಂಟೆಗೆ ದೋಚಿಕೊಂಡು ಹೋದರಂತೆ. ತಮ್ಮನ ತಲೆಗೆ ಪೆಟ್ಟು, ಜೀವಕ್ಕೆ ಭಯವಿಲ್ಲ. ಓಣಿಯವರೆಲ್ಲ ನಿಂತು ನೋಡಿದ್ದಾರೆ. ಪೊಲೀಸರು ಬಂದು ಕೇಳಿದರೆ ಯಾರೂ ನೋಡಿಲ್ಲ. "ಕಳ್ಳರ ಮೇಲೆ ಸಿಟ್ಟಿಲ್ಲ ಹ್ಯಾಪಿ, ಕಿಟಕಿ ಹಾಕ್ಕೊಂಡ್ರಲ್ಲ, ಅವರ ಮೇಲೆ" ಅಂದ. ಅವನಿಗೆ ಎರಡು ದೋಸೆ ಹಾಕಿಕೊಟ್ಟೆ. ಬೇರೆ ಏನು ಮಾಡಲಿ.

2015 ಮಾರ್ಚ್ 2, ಸೋಮವಾರ

ಸರ್ಕಾರಿ ರಜೆ. ನಮ್ಮ ಕನ್ನಡದವರೆಲ್ಲ ಸ್ವಾನ್ ವ್ಯಾಲಿಯಲ್ಲಿ ಪಿಕ್ನಿಕ್. ದ್ರಾಕ್ಷಿ ತೋಟದ ಪಕ್ಕ ಹುಲ್ಲಿನ ಮೇಲೆ ಜಮಖಾನ, ಇಲ್ಲಿನವರು ಬಾರ್ಬಿ ಅನ್ನುವ ಬಾರ್ಬೆಕ್ಯೂ ಒಲೆ ಹಚ್ಚಿದ್ದಾರೆ. ಅದರ ಕಬ್ಬಿಣದ ಹಾಳೆಯ ಮೇಲೆ ನನ್ನ ದೋಸೆ. ಇಲ್ಲಿನ ನಿಯಮದಂತೆ ಎರಡೂ ಕೈಗೆ ಗ್ಲೌಸ್.

ತಿಂದಾದ ಮೇಲೆ ಮಾಮೂಲು ಮಾತು. ನಮ್ಮ ದೇಶ ಉದ್ಧಾರ ಆಗಲ್ಲ. ಎಲ್ಲಿ ಹೋದರೂ ಲಂಚ. ಒಬ್ಬೊಬ್ಬರದೂ ಒಂದೊಂದು ಕತೆ, ಕೊನೆಗೆ ನನ್ನ ಕಡೆ ನೋಡುತ್ತಾರೆ. ನಾನು ಶುರು ಮಾಡಿದೆ: "ನಮ್ಮೂರಲ್ಲಿ ಒಬ್ಬ ಸತ್ತೋದ. ಡೆತ್ ಸರ್ಟಿಫಿಕೇಟಿಗೆ ಹೋದ್ರೆ ಗುಮಾಸ್ತ, 'ಸತ್ತೋರೇ ಬಂದು ಸೈನ್ ಹಾಕ್ಬೇಕು' ಅಂದ. ಮಗ ಐನೂರು ಕೊಟ್ಟ. 'ಹಂಗಾದ್ರೆ ನಾನೇ ಹೋಗಿ ಹಾಕಿಸ್ಕೊಂಡ್ ಬರ್ತೀನಿ' ಅಂದ!" ಎಲ್ಲರೂ ಬಿದ್ದು ಬಿದ್ದು ನಕ್ಕರು.

ಉದಯಶಂಕರ್ ಸರ್ ಮಾತ್ರ ಅರ್ಧ ನಕ್ಕರು. ಅವರು ಗಣಿ ಕಂಪನಿಯಲ್ಲಿ ಎಂಜಿನಿಯರು, ಕಲ್ಲು ನೋಡಿ ನೋಡಿ ಮುಖವೂ ಹಾಗೇ. "ನಗ್ತೀವಿ ಹಾಲಪ್ಪನವ್ರೇ. ಹೋದ್ವಾರ ನಮ್ ಸೈಟಲ್ಲಿ ಒಬ್ಬ ಸಿಕ್ಕಾಕೊಂಡ. ನಮ್ ಕಡೆಯವ್ನೇ. ಎಕ್ಸ್‌ಪೀರಿಯೆನ್ಸ್ ಲೆಟರ್ ಪೂರ್ತಿ ಬೋಗಸ್. ಅವ್ನ್ ಹೋದ, ಸರಿ. ಮಾರನೇ ದಿನದಿಂದ ನನ್ನ ಸರ್ಟಿಫಿಕೇಟನ್ನೂ ಎರಡು ಸಲ ತಿರುಗಿಸಿ ನೋಡ್ತಾರೆ. ಲಂಚ ತಿನ್ನೋನ್ ಅಲ್ಲೇ ಇದಾನೆ ಅಂದ್ಕೊಂಡಿದೀವಿ. ಅವ್ನು ನಮ್ ಜೊತೇನೇ ಪ್ಲೇನ್ ಹತ್ತಿದಾನೆ."

ಎಲ್ಲರೂ ಹೌದೌದು ಅಂದರು. ನಾನೂ ಹೌದೌದು ಅಂದೆ, ಎಲ್ಲರಿಗಿಂತ ಜೋರಾಗಿ. ಇನ್ನೊಂದು ಜೋಕ್ ಹೇಳಪ್ಪ ಅಂದರು. ನೆನಪಿಗೇ ಬರಲಿಲ್ಲ. ಬಿಸಿಲಿಗಿರಬೇಕು.

2015 ಮಾರ್ಚ್ 3, ಮಂಗಳವಾರ

ಇವತ್ತು ಮೂರು ದೋಸೆ ಕರಕಲು. ಕಾವಲಿ ಸರಿಯಿಲ್ಲ ಅಂತ ಸಾಹೇಬರಿಗೆ ಹೇಳಿದೆ. ಕಾವಲಿ ಚೆನ್ನಾಗಿಯೇ ಇದೆ.

2015 ಮಾರ್ಚ್ 8, ಭಾನುವಾರ

ಕ್ಲೆಮೆಂಟ್‌ಗೆ ಆ ದಪ್ಪ ಕಾಗದ ತೋರಿಸಿದೆ. ಯಾಕೆ ತೋರಿಸಿದೆನೋ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ.

"ನೀನು ಕೋಳಿ ಮಾಡ್ತೀಯಾ? ಎರಡು ವರ್ಷದಿಂದ ನನಗೆ ಬರೀ ಆಲೂಗೆಡ್ಡೆ ತಿನ್ನಿಸಿದೀಯಲ್ಲೋ!"

ನಿಜ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ತನ್ನದೇ ಹೇಳಿದ. ಅವನ ಊರಿನಲ್ಲಿ ಬಸ್ ಲೈಸೆನ್ಸ್ ಕೊಡಿಸಿದ್ದು ಚಿಕ್ಕಮ್ಮನ ಮಗನಂತೆ. ಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಇಪ್ಪತ್ತು ವರ್ಷ ಓಡಿಸಿದ. ಇಲ್ಲಿಗೆ ಬಂದು ಪರೀಕ್ಷೆಗೆ ಕೂತರೆ ಎರಡು ಸಲ ಫೇಲು. "ರೌಂಡಬೌಟಲ್ಲಿ ಯಾರಿಗೆ ದಾರಿ ಬಿಡ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ ನನಗೆ. ಇಪ್ಪತ್ತು ವರ್ಷ ಜನ ನನ್ನ ಹಿಂದೆ ನೆಮ್ಮದಿಯಾಗಿ ಕೂತಿದ್ರು!" ಮೂರನೇ ಸಲ ಪಾಸಾದಾಗ ಬಸ್ ನಿಲ್ಲಿಸಿ ಅತ್ತನಂತೆ.

"ನಿಂದು ಉಲ್ಟಾ ಹ್ಯಾಪಿ. ನನಗೆ ಕಾಗದ ಇತ್ತು, ಬಸ್ಸು ಬರ್ತಿರ್ಲಿಲ್ಲ. ನಿನಗೆ ಬಸ್ಸು ಬರುತ್ತೆ" ಅಂದು ಎದ್ದು ಹೋಗಿ ಪಾತ್ರೆ ತೊಳೆದ.

2015 ಮಾರ್ಚ್ 10, ಮಂಗಳವಾರ

ವೀಸಾ ಲಾಯರಮ್ಮ ನಿವೇದಿತಾ ಅವರ ಆಫೀಸಿಗೆ ಹೋಗಿದ್ದೆ. ಮೈಸೂರು ಕಡೆಯವರ ಮಗಳು, ಇಲ್ಲೇ ಬೆಳೆದವಳು. ಕನ್ನಡ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುತ್ತಾಳೆ. ಕಾಗದ ಕೈಗೆ ತೆಗೆದುಕೊಂಡು ಒಂದೇ ಮಾತು ಕೇಳಿದಳು:

"ಅಂಕಲ್, ಇಸ್ ದಿಸ್ ಟ್ರೂ? ನಿಜಾನಾ?"

ಬಾಯಿಗೆ ಒಂದು ಜೋಕ್ ಬಂತು. ನುಂಗಿದೆ. "ಇಲ್ಲಮ್ಮ" ಅಂದೆ.

ಅವಳು ಕಾಗದವನ್ನು ನನ್ನ ಕಡೆ ವಾಪಸ್ ತಳ್ಳಿದಳು. "ಥ್ಯಾಂಕ್ ಗಾಡ್ ಹೇಳಿದ್ರಿ. ಇದನ್ನ ಹಾಕಿ ಸಿಕ್ಕಿಬಿದ್ದಿದ್ರೆ ಮೂರು ವರ್ಷ ನೋ ವೀಸಾ ಅಂಕಲ್. ಆಂಟಿಗೂ, ಮಗಳಿಗೂ."

ಅಷ್ಟರಲ್ಲಿ ನನಗೆ ಐವತ್ತಮೂರು.

ಬೇರೆ ದಾರಿ ಇದೆಯಂತೆ. ಬ್ರಿಸ್ಬೇನಿನಲ್ಲಿ ಅಡುಗೆ ಮಾಡಿ ತೋರಿಸುವ ಪರೀಕ್ಷೆ. ಅದರ ಜೊತೆ, ನಾನು ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರು ಪ್ರಮಾಣ ಮಾಡಿ ಬರೆದುಕೊಟ್ಟರೆ ಆದೀತು.

"ಯಾರಾದ್ರೂ ನೋಡಿದೋರು ಇದಾರಾ?"

"ನೋಡಿದೋರಿಲ್ಲಮ್ಮ, ತಿಂದೋರಿದಾರೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗ್ರು, ಸಾವಿರಾರು."

"ಗ್ರೇಟ್! ಹೆಸ್ರು ಕೊಡಿ."

ಒಂದು ಹೆಸರೂ ಗೊತ್ತಿಲ್ಲ. ನಮ್ಮ ಅಡುಗೆಮನೆಗೂ ಹೊರಗಿನ ಹಾಲಿಗೂ ನಡುವೆ ಮೊಳದುದ್ದದ ಕಿಟಕಿ. ನಾನು ತಟ್ಟೆ ಇಡುವುದು, ಅವರು ಎಳೆದುಕೊಳ್ಳುವುದು. ಇಪ್ಪತ್ತೆರಡು ವರ್ಷ ನಾನು ಕಂಡದ್ದು ಕೈಗಳನ್ನು ಮಾತ್ರ. ಉಂಗುರದ ಕೈ, ಶಾಯಿಯ ಕೈ, ಉಗುರು ಕಚ್ಚುವ ಕೈ. ಯಾವ ಕೈ ಯಾವ ದೇಶದಲ್ಲಿದೆಯೋ.

2015 ಮಾರ್ಚ್ 11, ಬುಧವಾರ

ಸಾಹೇಬರಿಗೆ ಸಿಟ್ಟು. "ಹರಿಶ್ಚಂದ್ರನ ಮೊಮ್ಮಗ ನೀನು! ಹೆಂಡ್ತಿ ಮಕ್ಕಳನ್ನ ಕಳ್ಕೊಂಡ ಮೇಲೇನೇ ಬುದ್ಧಿ ಬರೋದು." ನಾನು ಹಿಟ್ಟು ರುಬ್ಬಲು ಹೋದೆ. ಸುಲೋಚನಾಳಿಗೆ ಇನ್ನೂ ಹೇಳಿಲ್ಲ.

ಇನ್ನು ಎಂಬತ್ತೆರಡು ದಿನ.

2015 ಮಾರ್ಚ್ 21, ಶನಿವಾರ. ಯುಗಾದಿ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಯುಗಾದಿ ಊಟಕ್ಕೆ ಇಲ್ಲಿನ ಕನ್ನಡ ಸಂಘದವರು ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಇನ್ನೂರು ಜನ. ಒಬ್ಬಟ್ಟು ಬೇರೆಯವರದು, ದೋಸೆ ನನ್ನದು. ಅರ್ಧ ದಾರಿಗೆ ಗ್ಲೌಸಿನ ಡಬ್ಬಿ ಖಾಲಿ. ಸಂಘದ ಗೀತಾ ಆಂಟಿ ತರಲು ಓಡಿದರು. ಅಲ್ಲಿಯವರೆಗೆ ಕೈ ಉಜ್ಜಿ ತೊಳೆದು ಬರಿಗೈಯಲ್ಲೇ ಹಾಕತೊಡಗಿದೆ. ಆ ಹಾಲಿನ ಅಡುಗೆಮನೆಗೂ ಒಂದು ಕಿಟಕಿ. ತಟ್ಟೆ ಹೊರಗಿಟ್ಟೆ. ಆ ಕಡೆಯ ಕೈ ತಟ್ಟೆ ಬಿಟ್ಟು ನನ್ನ ಕೈಯನ್ನೇ ಹಿಡಿದುಕೊಂಡಿತು.

ನನ್ನ ಬಲ ಅಂಗೈಯ ಹಿಂಬದಿಯಲ್ಲಿ, ಗ್ಲೌಸ್ ಮುಚ್ಚುವ ಕಡೆ, ಅರ್ಧ ಚಂದ್ರನ ಹಾಗೆ ಸುಟ್ಟ ಗಾಯದ ಗುರುತಿದೆ. ಕೆಲಸಕ್ಕೆ ಸೇರಿದ ವರ್ಷ ಕಾವಲಿಯ ಅಂಚು ಕೊಟ್ಟದ್ದು.

"ಚಂದ್ರ!" ಅಂತ ಹೊರಗಿನಿಂದ ಕೂಗು. ಬಗ್ಗಿ ನೋಡಿದರೆ ಉದಯಶಂಕರ್ ಸರ್. ಕಲ್ಲಿನ ಮುಖ ಹುಡುಗನ ಮುಖವಾಗಿದೆ. "ರೀ, ನೀವು ಕಾಲೇಜ್ ರೋಡ್ ಚಂದ್ರ ಅಲ್ವೇನ್ರೀ? ತೊಂಬತ್ಮೂರರಿಂದ ತೊಂಬತ್ತೇಳು, ದಿನಾ ಬೆಳಿಗ್ಗೆ! 'ಚಂದ್ರ ಇನ್ನೂ ಮೂಡ್ಲಿಲ್ವಾ' ಅಂತ ಕಿಟಕಿ ಬಡೀತಿದ್ವಲ್ರೀ!"

"ಬಡಿದು ಬಡಿದು ಕಿಟಕಿ ಬಾಗಿಲು ಮುರಿದೋರು ನೀವೇನಾ ಸಾರ್?"

"ಅದು ಬೇರೆ ಬ್ಯಾಚು!"

ನಾಲ್ಕು ವರ್ಷದಿಂದ ಇದೇ ಊರಲ್ಲಿ ಅವರಿಗೆ ದೋಸೆ ಹಾಕಿದ್ದೇನೆ, ಗ್ಲೌಸ್ ಹಾಕಿಕೊಂಡು. ಅಲ್ಲೇ, ಹಿಟ್ಟು ಆರುತ್ತಿರುವಾಗಲೇ, ಸುಳ್ಳು ಕಾಗದದಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಸುಳ್ಳು ಕಾಗದದ ಮಾತಿಗೆ ಅವರ ಮುಖ ಬಿಗಿಯಿತು. ವಾಪಸ್ ತಂದೆ ಅಂದಾಗ ಸಡಿಲವಾಯಿತು.

"ಬರ್ಕೊಡ್ತೀನಿ. ಆದ್ರೆ ಒಂದ್ ಮಾತು. ನಿಮ್ ಮುಖ ನಾನ್ ಅಲ್ಲಿ ನೋಡಿಲ್ಲ. ನೋಡಿದೆ ಅಂತ ಬರೆಯಲ್ಲ. ಕೈ ನೋಡಿದೀನಿ, ಕೈ ಅಂತ್ಲೇ ಬರೀತೀನಿ."

"ಕೈ ಸಾಕು ಸಾರ್. ದೋಸೆ ಹಾಕಿದ್ದು ಅದೇ."

ಸಂಜೆ ಸುಲೋಚನಾಳಿಗೆ ಎಲ್ಲ ಹೇಳಿದೆ. "ಈಗ ನಗಲೇನ್ರೀ?" ಅಂದಳು. ಈ ಸಲ ನಿಜವಾಗಿ ನಕ್ಕಳು, ನನಗೆ ಗೊತ್ತಾಯಿತು.

2015 ಏಪ್ರಿಲ್ 6, ಸೋಮವಾರ

ಇಲ್ಲಿ ಪ್ರಮಾಣ ಮಾಡಿಸುವವನು ಔಷಧಿ ಅಂಗಡಿಯವನು! ಉದಯಶಂಕರ್ ಸರ್ ತಾವು ಬರೆದದ್ದನ್ನು ಅವನ ಮುಂದಿಟ್ಟು ಸೈನ್ ಹಾಕಿದರು. ಅವನು ಓದಿ ನನ್ನ ಕೈ ನೋಡಿದ. ಮುಲಾಮು ಕೊಡುತ್ತಾನೇನೋ ಅಂದುಕೊಂಡೆ. ಠಸ್ಸೆ ಹೊಡೆದ.

ಒಬ್ಬರ ಮಾತು ಸಾಲದು, ಇನ್ನೊಂದು ಸಾಕ್ಷಿ ಬೇಕು ಅಂದಳು ನಿವೇದಿತಾ. ಸರ್ ತಮ್ಮ ಬ್ಯಾಚಿನವರಿಗೆಲ್ಲ 'ಚಂದ್ರ ಸಿಕ್ಕಿದ' ಅಂತ ವಾಟ್ಸಾಪ್ ಮಾಡಿದರು. ಅಡಿಲೇಡಿನಿಂದ ಇಂದುಮತಿ ಮೇಡಂ ಅನ್ನುವವರು ಉತ್ತರ ಕೊಟ್ಟರು: ನನ್ನ ಹತ್ರ ಫೋಟೋ ಇದೆ.

2015 ಏಪ್ರಿಲ್ 18, ಶನಿವಾರ. ಅಡಿಲೇಡ್

ಬ್ರಿಸ್ಬೇನ್ ಪರೀಕ್ಷೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದೆ. ಮಾಸನ್ ಲೇಕ್ಸ್‌ನಲ್ಲಿ ಮೇಡಂ ಮನೆ. ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾರೆ. ಬಾಗಿಲು ತೆಗೆದವರೇ "ಕೈ ತೋರ್ಸಿ" ಅಂದರು. ತೋರಿಸಿದೆ. "ಒಳಗೆ ಬನ್ನಿ" ಅಂದರು. ಪಾಸ್‌ಪೋರ್ಟಿಗೂ ಇಷ್ಟು ಬೆಲೆ ಸಿಕ್ಕಿರಲಿಲ್ಲ.

ಆಲ್ಬಮ್ ತೆಗೆದರು. 1997, ಕಾಲೇಜಿನ ಕೊನೆಯ ದಿನ. ಹೆಣ್ಣುಮಕ್ಕಳೆಲ್ಲ ಹಟ ಹಿಡಿದು, ದೋಸೆ ಹಾಕುವವರನ್ನು ಹೊರಗೆ ಕರೆಯಿರಿ ಅಂತ ಯಜಮಾನರಿಗೆ ಹೇಳಿದ್ದರು. ಹೋಟೆಲಿನ ಬೋರ್ಡಿನ ಕೆಳಗೆ, ಆರು ಹುಡುಗಿಯರ ನಡುವೆ, ಬನಿಯನ್ ಹಾಕಿಕೊಂಡು ಹೆದರಿದ ಕೋಳಿಯಂತೆ ನಿಂತವನು ನಾನು. ಮೂಲೆಯಲ್ಲಿ ತಾರೀಖು ಕೆಂಪಗೆ ಅಚ್ಚಾಗಿದೆ. ನನಗೆ ಆ ದಿನದ ನೆನಪೇ ಇರಲಿಲ್ಲ. ತಲೆಯಲ್ಲಿ ಎಷ್ಟು ಕೂದಲಿತ್ತು!

"ಅವತ್ತು ನೀವು ಒಂದ್ ಮಾತಾಡಿದ್ರಿ, ನೆನಪಿದ್ಯಾ? ಫೋಟೋದಲ್ಲಿ ನಗಿ ಅಂದ್ರೆ 'ಒಲೆ ಮೇಲೆ ದೋಸೆ ಐತಿ, ಬೇಗ ನಗಿಸ್ರಿ' ಅಂದ್ರಿ."

ದೋಸೆ ಮಾಡಿಕೊಟ್ಟೆ. ಮೇಡಂ ಒಂದು ತುಂಡು ಬಾಯಿಗಿಟ್ಟರು. ಅವರ ಮಗಳು, "ಅಮ್ಮಾ, ಆರ್ ಯು ಕ್ರೈಯಿಂಗ್?" ಅಂದಳು. ಖಾರ ಅಂದರು. ಪಲ್ಯಕ್ಕೆ ಖಾರ ಹಾಕಿರಲಿಲ್ಲ.

2015 ಏಪ್ರಿಲ್ 21, ಮಂಗಳವಾರ. ಬ್ರಿಸ್ಬೇನ್

ಟೂವಾಂಗ್‌ನಲ್ಲಿ ರಮಾಕಾಂತ್ ಸಾಹೇಬರ ಬಾಮೈದ ಉತ್ತಮ್ ಅವರ ಮನೆಯಲ್ಲಿ ಉಳಿದಿದ್ದೇನೆ. ಏರ್ಪಾಡು ಮಾಡಿದ್ದು ಸಾಹೇಬರೇ. ಹೊರಡುವಾಗ ಮೈಸೂರು ಪಾಕಿನ ಡಬ್ಬ ಕೊಟ್ಟು, "ಪರೀಕ್ಷೆ ಮಾಡೋರಿಗೆ ಕೊಡು. ಲಂಚ ಅಲ್ಲ, ಸಂಪ್ರದಾಯ" ಅಂದಿದ್ದರು.

ಪರೀಕ್ಷೆಯ ಅಡುಗೆಮನೆ ಆಸ್ಪತ್ರೆಯಷ್ಟು ಬಿಳಿ. ಪರೀಕ್ಷಕಿ ನನ್ನ ವಯಸ್ಸಿನವಳು, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಬ್ಯಾಗಿನಿಂದ ಏಪ್ರನ್ ತೆಗೆಯುವಾಗ ಡಬ್ಬ ಕೈಗೆ ಸಿಕ್ಕಿತು. ಅದರ ಮೇಲೆ ಟವೆಲ್ ಹೊದಿಸಿ ಜಿಪ್ ಎಳೆದೆ.

ಮೊದಲು ಬಾಯಿ ಪ್ರಶ್ನೆ. ಎಷ್ಟು ಬಿಸಿಯಲ್ಲಿ ಇಡಬೇಕು, ಯಾವ ಹಲಗೆಯ ಮೇಲೆ ಏನು ಕೊಯ್ಯಬೇಕು. ನಾಲ್ಕು ವರ್ಷದ ಪರ್ತ್ ಅಭ್ಯಾಸ ಕೈಹಿಡಿಯಿತು. ಆಮೇಲೆ ಸೂಪು. ಆಮೇಲೆ ಆಮ್ಲೆಟ್. ಮೊಟ್ಟೆ ಒಡೆಯುವಾಗ ಮನೆದೇವರಿಗೆ ಒಂದು ಮಾತು ಹೇಳಿದೆ. ಒಡೆದ ಮೇಲೆ ನೋಡಿದರೆ ಅದೂ ಒಂದು ದೋಸೆಯೇ, ಸ್ವಲ್ಪ ಸೋಮಾರಿ ದೋಸೆ.

ಕೊನೆಗೆ ನಮ್ಮ ಇಷ್ಟದ ಅಡುಗೆ. ಕಾವಲಿ ಕಾಯಿಸಿ, ನೀರು ಚಿಮುಕಿಸಿ, ಹಿಟ್ಟು ಹುಯ್ದೆ. ಆ ಶಬ್ದ ಕೇಳಿದ ಮೇಲೆ ನನಗೆ ಅದು ಬ್ರಿಸ್ಬೇನ್ ಅನ್ನುವುದೇ ಮರೆತುಹೋಯಿತು. ಬೆಣ್ಣೆ ಇಟ್ಟು, ಮಡಿಸಿ, ಪಲ್ಯ, ಚಟ್ನಿ ಜೊತೆ ತಟ್ಟೆ ತಳ್ಳಿದೆ. ಅಭ್ಯಾಸ ಬಲದಿಂದ ಕೈ ಮಾತ್ರ ಮುಂದೆ, ನಾನು ಹಿಂದೆ.

ಅವಳು ತುದಿಯಿಂದ ಒಂದು ತುಂಡು ಮುರಿದು ಬಾಯಿಗಿಟ್ಟಳು. ಏನೋ ಬರೆದಳು. ಪೆನ್ನು ಕೆಳಗಿಟ್ಟಳು. ಇನ್ನೊಂದು ತುಂಡು ಮುರಿದಳು. ಅದಕ್ಕೆ ಏನೂ ಬರೆಯಲಿಲ್ಲ.

ವಾಪಸ್ ಬರುವಾಗ ನದಿಯ ದೋಣಿಯಲ್ಲಿ ಕೂತು ಮೈಸೂರು ಪಾಕ್ ಡಬ್ಬ ಬಿಚ್ಚಿದೆ. ಒಂದು ಉತ್ತಮ್ ಅವರಿಗೆ, ನಾಲ್ಕು ನನಗೆ. ಸಂಪ್ರದಾಯ ಚೆನ್ನಾಗಿತ್ತು.

2015 ಮೇ 26, ಮಂಗಳವಾರ. ಪರ್ತ್

ಪಾಸ್!!! ಏಳನೇ ಕ್ಲಾಸಿನ ಮೇಷ್ಟ್ರೇ, ಎಲ್ಲಿದ್ದರೂ ನೋಡಿ.

2015 ಮೇ 28, ಗುರುವಾರ

ಅರ್ಜಿ ಹೋಯಿತು. ಕೈಯ ಪ್ರಮಾಣ, ಫೋಟೋ, ಪರೀಕ್ಷೆ, ಎಲ್ಲ. ಎದ್ದು ಬರುವಾಗ ನಿವೇದಿತಾಳಿಗೆ, "ಅಮ್ಮಾ, ಇನ್ನೊಂದು ಸುಳ್ಳಿದೆ, ನಾನು ಹುಟ್ಟಿದ್ದು ಜೂನ್ ಅಲ್ಲ, ದೀಪಾವಳಿ" ಅಂದೆ. ಎರಡೂ ಕೈ ತಲೆ ಮೇಲೆ ಹೊತ್ತಳು. "ಅಂಕಲ್, ಪ್ಲೀಸ್! ಅದು ನಿಮ್ ಹೆಡ್ಮಾಸ್ಟರ್ ಸುಳ್ಳು, ನಿಮ್ದಲ್ಲ. ಮನೆಗೆ ಹೋಗಿ!"

ಆ ದಪ್ಪ ಕಾಗದವನ್ನು ಎಸೆಯುವ ಮೊದಲು ಕಾವಲಿ ಒರೆಸಲಾದರೂ ಬರುತ್ತದೆಯೇ ಅಂತ ನೋಡಿದೆ. ಎಣ್ಣೆ ಹೀರಲಿಲ್ಲ. ಅದಕ್ಕೂ ಬರಲಿಲ್ಲ.

2015 ಜುಲೈ 19, ಭಾನುವಾರ

ಬೆಳಿಗ್ಗೆ ಕ್ಲೆಮೆಂಟ್ ನನ್ನ ಬಾಗಿಲು ಬಡಿದು ಫೋನನ್ನು ಕಿವಿಗೇ ಇಟ್ಟ. ರೇಡಿಯೋದಲ್ಲಿ ಮುದುಕಿಯೊಬ್ಬಳ ದನಿ. ತಮ್ಮನ ಓಣಿಯಲ್ಲಿ ಬ್ರೆಡ್ ಮಾರುವವಳಂತೆ. ಐದು ತಿಂಗಳಾದ ಮೇಲೆ ಪೊಲೀಸರ ಹತ್ತಿರ ಹೋಗಿ, ನಾನು ನೋಡಿದ್ದೇನೆ ಅಂದಳಂತೆ. ಒಬ್ಬಳೇ ಹೋಗಲು ಭಯವಾಗಿ, ಚರ್ಚಿನಲ್ಲಿ ಹಾಡುವ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿದ್ದಾಳೆ. ಹದಿನಾರು ಹೆಂಗಸರು, ಟೋಪಿ ಹಾಕಿಕೊಂಡು.

"ಕೇಸು ಹತ್ತು ವರ್ಷ ನಡೆಯುತ್ತೆ. ಏನೂ ಆಗ್ದೇನೂ ಇರ್ಬೋದು" ಅಂದ ಕ್ಲೆಮೆಂಟ್. "ಆದ್ರೆ ಹೇಳಿದಳಲ್ಲೋ!" ಅಂದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ. ನಾನೂ ಕುಣಿದೆ. ಪಕ್ಕದ ಮನೆಯವರು ಗೋಡೆ ಬಡಿದರು.

2015 ಅಕ್ಟೋಬರ್ 7, ಬುಧವಾರ

ಬಂತು. ಮೂವರಿಗೂ. ಇನ್ನೇನೂ ಬರೆಯಲಾರೆ.

2015 ನವೆಂಬರ್ 10, ಮಂಗಳವಾರ. ನೀರು ತುಂಬುವ ಹಬ್ಬ ಮುಗಿದು, ಎಣ್ಣೆ ಸ್ನಾನದ ದಿನ

ಅವ್ವನ ಲೆಕ್ಕದಲ್ಲಿ ಇವತ್ತು ನನಗೆ ಐವತ್ತು.

ಮಧ್ಯಾಹ್ನ ಎರಡಕ್ಕೆ ವಿಮಾನ ಇಳಿಯಿತು. ಕ್ಲೆಮೆಂಟ್ ರಜೆ ಹಾಕಿ ಬಂದಿದ್ದ. ಮೂರಾಯಿತು. ಆ ವಿಮಾನದವರೆಲ್ಲ ಗಾಡಿ ತಳ್ಳಿಕೊಂಡು ಹೊರಬಂದರು. ಸುಲೋಚನಾ ಇಲ್ಲ, ಕವನಾ ಇಲ್ಲ. ಮೂರೂವರೆ. ಬಾಗಿಲು ತೆರೆದರೆ ಯಾರೋ ಕಸ ಗುಡಿಸುವವರು. ಆ ಸಿಂಹದ ಕಾಗದ ನೆನಪಾಯಿತು. ಯಾರೋ ಎಲ್ಲೋ ಏನೋ ಕಂಡುಹಿಡಿದರೇ?

"ನೀನು ಅವರಿಗೆ ಏನ್ ಹೇಳಿ ಕಳಿಸಿದ್ದೆ?" ಅಂದ ಕ್ಲೆಮೆಂಟ್.

"ಫಾರ್ಮಲ್ಲಿ ಏನೇ ಕೇಳಿದ್ರೂ ಯೆಸ್ ಅಂತ ಹಾಕು, ಏನೂ ಮುಚ್ಚಿಡ್ಬೇಡ ಅಂದೆ."

"ಏನೇ ಕೇಳಿದ್ರೂ?"

ಮೂರೂ ಮುಕ್ಕಾಲಿಗೆ ಬಾಗಿಲು ತೆರೆಯಿತು. ಮುಂದೆ ನನಗಿಂತ ಎತ್ತರದ ಹುಡುಗಿಯೊಬ್ಬಳು ನಕ್ಕು ನಕ್ಕು ಗಾಡಿ ತಳ್ಳಲಾಗದೆ ಬರುತ್ತಿದ್ದಾಳೆ. ಹಿಂದೆ ಸುಲೋಚನಾ, ಕೆಂಪು ಮುಖ.

"ಅಪ್ಪಾ, ಅವ್ವ ಎಲ್ಲಾದಕ್ಕೂ ಯೆಸ್ ಹಾಕಿದ್ಲು! ಹಸು, ಕುರಿ, ಹಕ್ಕಿ, ಬಂದೂಕಕ್ಕೂ!"

"ನೀವೇ ಅಲ್ಲೇನ್ರೀ ಹೇಳಿದ್ದು?" ಅಂದಳು ಸುಲೋಚನಾ. "ಕಸ್ಟಮ್ಸಿನ ಪುಣ್ಯಾತ್ಮ ಚೀಲ ಪೂರ್ತಿ ಬಿಚ್ಚಿಸ್ದ. ಬಂದೂಕ ಎಲ್ಲಮ್ಮಾ ಅಂದ. ಕೊಳವಿ ಇರೋ ಒತ್ತು ಶಾವಿಗಿ ಮಣಿ ತೋರಿಸ್ದೆ. ನಕ್ಕುಬಿಟ್ಟ ನೋಡ್ರಿ. ಚಟ್ನಿಪುಡಿ, ಇಂಗು ಎಲ್ಲಾ ಬಿಟ್ಟ. ಬೆಣ್ಣಿ ಮಾತ್ರ ಇಟ್ಕಂಡ. ದಾವಣಗೆರಿಯಿಂದ ತಂದಿದ್ದೆ, ನಿಮ್ಮ ದೋಸಿಗೆ ಅಂತ."

ಹಾಗಂದು ಅಲ್ಲೇ ಅತ್ತುಬಿಟ್ಟಳು. ಬೆಣ್ಣೆಗೋ, ನಾಲ್ಕು ವರ್ಷಕ್ಕೋ. ಕೈ ಹಿಡಿದುಕೊಂಡೆ. ಕ್ಲೆಮೆಂಟ್ ಕವನಾಳಿಗೆ ತನ್ನ ದೇಶ ಎಲ್ಲಿದೆ ಅಂತ ಹೇಳತೊಡಗಿದ. ತೋರಿಸಲು ಸಾಸಿವೆ ಇರಲಿಲ್ಲ.

ಮನೆಗೆ ಬಂದು ಮೂವರೂ ಎಣ್ಣೆ ನೀರು ಹಾಕಿಕೊಂಡೆವು. ಕ್ಲೆಮೆಂಟ್ ಕೇಕ್ ತಂದಿದ್ದ. ಜೂನ್‌ನಲ್ಲಿ ಒಂದು ಸಲ ಕೊಯ್ದಾಗಿತ್ತು, ಅದು ಮೇಷ್ಟ್ರ ಕೇಕು, ಇದು ಅವ್ವನ ಕೇಕು ಅಂದ.

ಆಮೇಲೆ ಇಲ್ಲಿನ ಅಂಗಡಿಯ ಬೆಣ್ಣೆಯನ್ನೇ ಹಾಕಿ ದೋಸೆ ಹುಯ್ದೆ. ಊರಿನ ಬೆಣ್ಣೆಯ ಘಮ ಅದಕ್ಕೆ ಎಲ್ಲಿ ಬರಬೇಕು. ಸುಲೋಚನಾ ಮೂಸಿ ನೋಡಿ ಮೂಗು ಮುರಿದಳು. ಒಂದು ತುಂಡು ತಿಂದಳು. ನಾನು ಕಾವಲಿಗೆ ನೀರು ಚಿಮುಕಿಸಿ ಕಾಯುತ್ತಾ ನಿಂತೆ.

ಖಾಲಿ ತಟ್ಟೆ ಮುಂದೆ ಬಂತು. ನಾಲ್ಕು ಬಳೆಯ ಕೈ.